ಬೀರುವಿನ ಬೀಗ ತೆಗೆಯುವ ತರಬೇತಿ

ಮನೆ ಕಂದಾಯ ಕಟ್ಟಿ ಬಂದ ಮೇಲೆ ರಸೀದಿಯನ್ನು ಪೂರ್ತಿ ಓದುವವರು ಕಡಿಮೆ. ಓದಿದರೆ ಅದರಲ್ಲಿ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರ ಎಂಬ ಸಾಲೂ ಕಾಣುತ್ತದೆ. ಆಸ್ತಿ ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿಯಂತೆ ಇದು ವಸೂಲಾಗುತ್ತದೆ. ಈ ಕರಕ್ಕೆ ಆಧಾರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಊರಿನ ಗ್ರಂಥಾಲಯ ಎಲ್ಲಿದೆಯೆಂದು ಗೊತ್ತಿಲ್ಲದವರೂ ಅದರ ಖರ್ಚಿಗೆ ವರ್ಷವರ್ಷ ದುಡ್ಡು ಕೊಡುತ್ತಲೇ ಇದ್ದಾರೆ. ಹಾಗಿದ್ದ ಮೇಲೆ ಆ ಗ್ರಂಥಾಲಯ ಅವರ ಮನೆಬಾಗಿಲಿಗೆ ಬಂದು ಕರೆಯಬೇಡವೇ?

ಬಹಳ ವರ್ಷ ಕರೆಯಲಿಲ್ಲ. ಹಳ್ಳಿಯ ಗ್ರಂಥಾಲಯವೆಂದರೆ ಪಂಚಾಯಿತಿ ಕಚೇರಿಯ ಪಕ್ಕದ ಒಂದು ಕೋಣೆ, ನಡುವೆ ಉದ್ದನೆಯ ಮೇಜು, ಅದರ ಮೇಲೆ ಎರಡು ಮೂರು ದಿನಪತ್ರಿಕೆ, ಗೋಡೆಗೊರಗಿದ ಕಬ್ಬಿಣದ ಬೀರು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಬಾಗಿಲು ತೆಗೆದಿರುತ್ತಿತ್ತು. ಬರುತ್ತಿದ್ದವರು ನಿವೃತ್ತ ಮೇಷ್ಟ್ರು, ಪೇಪರ್ ಓದುವ ಹಿರಿಯರು, ಪರೀಕ್ಷೆಗೆ ಓದುವ ಒಬ್ಬಿಬ್ಬರು ಹುಡುಗರು. ಹೆಣ್ಣುಮಕ್ಕಳು ಹೊಸ್ತಿಲು ದಾಟಿದ್ದು ಅಪರೂಪ. ಚಿಕ್ಕ ಮಕ್ಕಳು ಬಂದರೆ ಗದ್ದಲ ಎಂಬ ದೂರು. ಬೀರುವಿಗೆ ಬೀಗ.

ಆ ಬೀಗಕ್ಕೆ ಕಾರಣವಿದೆ. ಗೌರವಧನದ ಮೇಲೆ ದುಡಿಯುವ ಮೇಲ್ವಿಚಾರಕರಿಗೆ ಪುಸ್ತಕ ಕಳೆದರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯ. ರಿಜಿಸ್ಟರಿನಲ್ಲಿರುವ ಸಂಖ್ಯೆಗೂ ಬೀರುವಿನಲ್ಲಿರುವ ಪುಸ್ತಕಕ್ಕೂ ತಾಳೆಯಾಗದಿದ್ದರೆ ಉತ್ತರ ಕೊಡಬೇಕಾದವರು ಅವರೇ. ಓದುವವರ ಕೈಗೆ ಹೋದ ಪುಸ್ತಕ ಹರಿಯುತ್ತದೆ, ಕೆಲವೊಮ್ಮೆ ಮರಳಿ ಬರುವುದಿಲ್ಲ. ಯಾರೂ ಮುಟ್ಟದ ಪುಸ್ತಕವಾದರೆ ಲೆಕ್ಕಕ್ಕೆ ಸರಿಯಾಗಿ ಸಿಗುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಉದಾರವಾಗಿಯೇ ಇವೆ. ವರ್ಷಕ್ಕೆ ಓದಲು ಕೊಟ್ಟ ಸಾವಿರ ಪುಸ್ತಕಗಳಲ್ಲಿ ಐದು ಕಳೆದರೆ, ಅದರಲ್ಲಿ ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದೇ ಪರಿಗಣಿಸಬಹುದು. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕಗಳಿಗೆ ಮಾತ್ರ ವಿಚಾರಣೆ ಕಡ್ಡಾಯ. ಇದು ಕೇಂದ್ರದ ಕಚೇರಿಗಳಿಗೆ ಬರೆದ ನಿಯಮ, ನಿಜ. ಆದರೆ ಪುಸ್ತಕ ಓಡಾಡಿದರೆ ಒಂದಷ್ಟು ಸವೆಯುತ್ತದೆ ಎಂಬ ತಿಳಿವಳಿಕೆಯನ್ನು ಲೆಕ್ಕಪತ್ರದ ಪುಸ್ತಕವೇ ಒಪ್ಪಿಕೊಂಡಿದೆ. ಹಳ್ಳಿಯ ಮೇಲ್ವಿಚಾರಕರಿಗೆ ಕೊಡಬೇಕಾದ ಮೊದಲ ಪಾಠ ಈ ಧೈರ್ಯದ್ದು.

2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಸಂಖ್ಯೆಯಲ್ಲಿ ಅವು 5600ಕ್ಕೂ ಹೆಚ್ಚು. ಮರುವರ್ಷ ಕೋವಿಡ್ ಬಂತು, ಶಾಲೆಗಳು ಮುಚ್ಚಿದವು. ಮೊಬೈಲ್ ಇಲ್ಲದ, ಸಿಗ್ನಲ್ ಸಿಗದ ಮಕ್ಕಳಿಗೆ ಅಕ್ಷರದ ನಂಟೇ ಕಡಿದುಹೋಗುವ ಸ್ಥಿತಿ. ಆಗ 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ. ಠೇವಣಿ ಇಲ್ಲ, ಶಿಫಾರಸು ಬೇಡ. ಇಲಾಖೆಯ ಚುಕ್ಕಾಣಿ ಹಿಡಿದಿದ್ದ ಹಿರಿಯ ಐಎಎಸ್ ಅಧಿಕಾರಿ ಉಮಾ ಮಹಾದೇವನ್ ಇದನ್ನು ಹುರುಪಿನಿಂದ ಬೆಳೆಸಿದರು. ಲಕ್ಷಗಟ್ಟಲೆ ಮಕ್ಕಳು ಸದಸ್ಯರಾದರು. ಗೋಡೆಗಳ ಮೇಲೆ ಚಿತ್ರ ಬಂತು, ಮಕ್ಕಳ ಎತ್ತರಕ್ಕೆ ತಕ್ಕ ಕುರ್ಚಿ ಬಂತು, ಹಲವೆಡೆ ಕಂಪ್ಯೂಟರ್ ಬಂತು. ಹಲವು ಕಡೆ ‘ಪುಸ್ತಕ ಜೋಳಿಗೆ’ ಹಿಡಿದು ಊರವರಿಂದ ಪುಸ್ತಕ ಕೇಳಿ ತಂದರು. ಈಗ ಈ ಗ್ರಂಥಾಲಯಗಳ ಹೆಸರು ‘ಅರಿವು ಕೇಂದ್ರ’.

ಸದಸ್ಯತ್ವದ ಕಾರ್ಡ್ ಕೊಡುವುದು ಒಂದು ದಿನದ ಕೆಲಸ. ಆ ಮಗು ಎರಡನೇ ಸಲ, ಹತ್ತನೇ ಸಲ ಬರುವಂತೆ ನೋಡಿಕೊಳ್ಳುವುದು ಬೇರೆಯೇ ಕಸುಬು. ತರಬೇತಿಯ ಮಾತು ಬರುವುದು ಇಲ್ಲಿ.

ಗಟ್ಟಿ ಓದನ್ನೇ ತೆಗೆದುಕೊಳ್ಳಿ. ಕಥೆ ಓದಿ ಹೇಳುವುದಕ್ಕೂ ತರಬೇತಿ ಬೇಕೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಅಭ್ಯಾಸವಿಲ್ಲದವರು ಪುಸ್ತಕವನ್ನು ತಮ್ಮ ಮುಖಕ್ಕೆ ಹಿಡಿದು ಓದುತ್ತಾರೆ. ಮಕ್ಕಳಿಗೆ ಕಾಣುವುದು ಹಿಂಬದಿಯ ರಟ್ಟು ಮಾತ್ರ. ಕಲಿತವರು ಪುಸ್ತಕವನ್ನು ಎದೆಯ ಎತ್ತರದಲ್ಲಿ, ತುಸು ಪಕ್ಕಕ್ಕೆ, ಚಿತ್ರ ಮಕ್ಕಳ ಕಡೆಗಿರುವಂತೆ ಹಿಡಿದು ಓರೆಗಣ್ಣಲ್ಲಿ ಸಾಲು ನೋಡಿಕೊಳ್ಳುತ್ತಾರೆ. ಹಾಗೆ ಮಾಡಬೇಕಾದರೆ ಹಿಂದಿನ ದಿನವೇ ಪುಸ್ತಕ ಓದಿಕೊಂಡಿರಬೇಕು. ಮೊದಲು ಮುಖಪುಟ ತೋರಿಸಿ ಒಳಗೇನಿರಬಹುದು ಎಂದು ಕೇಳುತ್ತಾರೆ. ಪುಟ ತಿರುಗಿಸುವ ಮುಂಚೆ ಒಂದು ಗಳಿಗೆ ತಡೆಯುತ್ತಾರೆ. ಆ ತಡೆಯಲ್ಲೇ ಮಕ್ಕಳು ಮುಂದಿನದನ್ನು ತಾವೇ ಕಟ್ಟಿಕೊಳ್ಳುವುದು. ಕಥೆ ಮುಗಿದೊಡನೆ ‘ಇದರ ನೀತಿ ಏನು?’ ಎಂದು ಕೇಳುವುದಿಲ್ಲ. ಕೇಳಿದರೆ ಗ್ರಂಥಾಲಯವೂ ತರಗತಿಯೇ ಆಯಿತು. ಓದಿದ ಪುಸ್ತಕವನ್ನು ಮಕ್ಕಳ ಕೈಗೆಟಕುವ ಕಡೆ ಮುಖಪುಟ ಕಾಣುವಂತೆ ಇಡುತ್ತಾರೆ, ಯಾರಿಗೆ ಬೇಕೋ ಅವರು ಮನೆಗೆ ಒಯ್ಯಲಿ ಎಂದು.

ಮಗುವಿಗೆ ಯಾವ ಪುಸ್ತಕ ಕೊಡಬೇಕು ಎಂಬುದು ಇನ್ನೊಂದು ಪಾಠ. ಬೆಂಗಳೂರಿನ ಹಿಪೊಕ್ಯಾಂಪಸ್ ಸಂಸ್ಥೆ ಇದಕ್ಕೆ ಬಣ್ಣದ ದಾರಿ ಹುಡುಕಿತು. ಓದಿನ ಮಟ್ಟಕ್ಕೆ ತಕ್ಕಂತೆ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ಪುಸ್ತಕಗಳನ್ನು ವಿಂಗಡಿಸುವುದು. ಆರನೇ ತರಗತಿಯ ಹುಡುಗನಿಗೆ ಹಸಿರು ಪುಸ್ತಕವೇ ಹಿಡಿಸಿದರೆ ಹಸಿರೇ ಸರಿ. ತರಗತಿಯ ಅಂಕಿ ನೋಡಿ ಪುಸ್ತಕ ಕೊಟ್ಟು ಮಗುವಿಗೆ ಅವಮಾನ ಮಾಡುವುದು ಇದರಿಂದ ತಪ್ಪುತ್ತದೆ.

ತರಬೇತಿ ಒಬ್ಬ ಮನುಷ್ಯನನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ಭಾರತದ ಗ್ರಂಥಾಲಯ ಚರಿತ್ರೆಯ ಮೊದಲ ಪುಟದಲ್ಲೇ ಸಾಕ್ಷಿ ಇದೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಕೆಲಸ ಬೇಸರ ತರಿಸಿ, ಹಳೆಯ ಕಾಲೇಜಿಗೇ ಮರಳಲು ಹೊರಟಿದ್ದರು. ತರಬೇತಿಗೆಂದು ಲಂಡನ್ನಿಗೆ ಕಳಿಸಿದರು. ಅಲ್ಲಿ ಅವರಿಗೆ ಪಾಠ ಹೇಳಿದ ಬರ್ವಿಕ್ ಸೇಯರ್ಸ್ ಕ್ರಾಯ್ಡನ್ ಪಟ್ಟಣದ ಮುಖ್ಯ ಗ್ರಂಥಪಾಲಕರು, ಮಕ್ಕಳ ಗ್ರಂಥಾಲಯಗಳ ಬಗ್ಗೆ ಆಳವಾಗಿ ಯೋಚಿಸಿದವರು. ಕೂಲಿಕಾರರು, ಹೆಂಗಸರು, ಮಕ್ಕಳೆಲ್ಲ ಹಕ್ಕಿನಿಂದ ಒಳಬರುವ ಗ್ರಂಥಾಲಯಗಳನ್ನು ರಂಗನಾಥನ್ ಊರೂರು ಸುತ್ತಿ ನೋಡಿದರು. 1925ರಲ್ಲಿ ಮರಳಿ ಬಂದವರು ಆ ಕೆಲಸ ಬಿಡಲಿಲ್ಲ. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದರ ಸಾರ: ಪುಸ್ತಕ ಇರುವುದು ಬಳಸುವುದಕ್ಕೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಎಂಬ ನಿವೃತ್ತ ಎಂಜಿನಿಯರ್ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿ ಹಳ್ಳಿಗಳಿಗೆ ಕಳಿಸಿದರು. ಅದನ್ನು ಉದ್ಘಾಟಿಸಿದವರು ರಂಗನಾಥನ್. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ನಡೆಯುತ್ತಿದೆ.

ಪುಸ್ತಕವೇ ಓದುವವರ ಬಳಿಗೆ ಹೋಗುವ ಆ ಕ್ರಮವನ್ನು ಕೇರಳ ಉಳಿಸಿಕೊಂಡಿದೆ. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಕಟ್ಟಿದ ಸಂಘ ಅಲ್ಲಿ ದೊಡ್ಡ ಚಳವಳಿಯಾಯಿತು. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ, ವಯಸ್ಸಾದವರಿಗೆ ಚೀಲದಲ್ಲಿ ಪುಸ್ತಕ ಹೊತ್ತು ಮನೆಮನೆಗೆ ಹೋಗುವ ಗ್ರಂಥಾಲಯ ಕಾರ್ಯಕರ್ತೆಯರು ಅಲ್ಲಿದ್ದಾರೆ. ನಮ್ಮಲ್ಲಿಯೂ ದಾರಿಯಿದೆ. ವಾರಕ್ಕೊಮ್ಮೆ ಸೇರುವ ಸ್ವಸಹಾಯ ಸಂಘದ ಸಭೆಗೆ ಹತ್ತು ಪುಸ್ತಕ ಒಯ್ದರೆ ಸಾಕು, ಗ್ರಂಥಾಲಯಕ್ಕೆ ಹೋಗಲು ಹಿಂಜರಿಯುವ ಹೆಂಗಸರ ಕೈಗೆ ಪುಸ್ತಕ ಸಿಗುತ್ತದೆ. ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರು, ಹಾಲಿನ ಡೇರಿಯ ಮುಂದೆ ಸಾಲು ನಿಲ್ಲುವವರು, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡ ಕುಟುಂಬಗಳ ಮಕ್ಕಳು, ಇವರೆಲ್ಲ ಗ್ರಂಥಾಲಯದ ಓದುಗರೇ. ಅವರಿಗದು ಇನ್ನೂ ಗೊತ್ತಾಗಿಲ್ಲ, ಅಷ್ಟೇ.

ಕಲಿಯಲು ಮನಸ್ಸಿರುವವರಿಗೆ ಜಾಗಗಳಿಲ್ಲದಿಲ್ಲ. ಪಂಚಾಯಿತಿ ಸದಸ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಮೈಸೂರಿನಲ್ಲಿದೆ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ, ಕಟ್ಟಡ, ಕಾರ್ಯಾಗಾರಗಳಿಗೆ ನೆರವು ಕೊಡುತ್ತಿದೆ. ಟಾಟಾ ಟ್ರಸ್ಟ್ಸ್‌ನ ‘ಪರಾಗ್’ ಮಕ್ಕಳ ಗ್ರಂಥಾಲಯ ನಡೆಸುವವರಿಗೆಂದೇ ಕೆಲವು ತಿಂಗಳ ಕೋರ್ಸ್ ನಡೆಸುತ್ತದೆ. ಕಥೆ ಹೇಳುವ ಕಲೆ ಕಲಿಸುವ ‘ಕಥಾಲಯ’ 1998ರಿಂದ ಬೆಂಗಳೂರಿನಲ್ಲಿದೆ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಪುಸ್ತಕದ ಅನುದಾನ ಬರುವವರೆಗೆ ಕಾಯಬೇಕಾದ ಗ್ರಂಥಾಲಯಕ್ಕೆ ಇದು ದೊಡ್ಡ ಆಸರೆ.

ತೊಡಕು ಇರುವುದು ಬೇರೆ ಕಡೆ. ತರಬೇತಿಯ ಪಟ್ಟಿಯಲ್ಲಿ ಕಂಪ್ಯೂಟರ್ ಬಳಕೆ, ಲೆಕ್ಕಪತ್ರ, ವರದಿ ಕಳಿಸುವ ಕ್ರಮಗಳು ಸುಲಭವಾಗಿ ಜಾಗ ಹಿಡಿಯುತ್ತವೆ, ಏಕೆಂದರೆ ಅವುಗಳ ಫಲವನ್ನು ಅಂಕಿಯಲ್ಲಿ ತೋರಿಸಬಹುದು. ನಾಚಿಕೊಂಡು ಬಾಗಿಲಲ್ಲೇ ನಿಂತ ಹುಡುಗಿಯನ್ನು ಒಳಗೆ ಕರೆಯುವುದು ಹೇಗೆ, ಕಣ್ಣು ಕಾಣದ ಮಗುವಿಗೆ ಕಥೆ ಮುಟ್ಟಿಸುವುದು ಹೇಗೆ ಎಂಬುದಕ್ಕೆ ವರದಿಯಲ್ಲಿ ಕಾಲಂ ಇರುವುದಿಲ್ಲ. ಜೊತೆಗೆ ಬಹುಪಾಲು ಗ್ರಂಥಾಲಯಗಳಿಗೆ ಒಬ್ಬರೇ ಆಳು. ಅವರು ತರಬೇತಿಗೆ ಹೋದ ದಿನ ಬಾಗಿಲು ಮುಚ್ಚುತ್ತದೆ. ಹೀಗಾಗಿ ತರಬೇತಿ ಎಂಬುದೇ ಓದುಗರಿಗೆ ತೊಂದರೆಯಾಗಿ ಕಾಣುತ್ತದೆ. ಪಕ್ಕದ ನಾಲ್ಕೈದು ಪಂಚಾಯಿತಿಗಳ ಮೇಲ್ವಿಚಾರಕರು ತಿಂಗಳಿಗೊಮ್ಮೆ ಒಂದು ಗ್ರಂಥಾಲಯದಲ್ಲಿ ಸೇರಿ, ಅಲ್ಲಿನ ಮಕ್ಕಳ ಎದುರೇ ಗಟ್ಟಿ ಓದು ಮಾಡಿ, ಒಬ್ಬರದನ್ನು ಒಬ್ಬರು ನೋಡಿ ತಿದ್ದಿಕೊಳ್ಳುವ ಏರ್ಪಾಡು ಇದಕ್ಕಿಂತ ಅಗ್ಗ, ಹೆಚ್ಚು ಉಪಯೋಗಿ. ಉಳಿದ ಊರುಗಳಲ್ಲಿ ಆ ಮಧ್ಯಾಹ್ನದ ಮಟ್ಟಿಗೆ ಬಾಗಿಲು ತೆಗೆಯುವ ಹೊಣೆಯನ್ನು ದಿನವೂ ಅಲ್ಲೇ ಕೂತು ಪರೀಕ್ಷೆಗೆ ಓದುವ ಯುವಕ ಯುವತಿಯರು ಹೊರಬಲ್ಲರು. ಗ್ರಾಮ ಪಂಚಾಯಿತಿ ಒಂದು ಠರಾವು ಮಾಡಿ ಅವರಿಗೆ ಕೀಲಿ ಕೊಟ್ಟರಾಯಿತು.