ಹೊಸ ಪದ್ಧತಿ ಬಂತು, ಕೆಲಸ ಸುಧಾರಿಸಿತೇ? ಸಾಫ್ಟ್‌ವೇರ್ ತಂಡಗಳು ಅಳೆಯಬೇಕಾದದ್ದು ಹೀಗೆ

ಮುಂಬೈ: ಮಗ್ಗದಲ್ಲಿ ಒಂದು ನೂಲು ಹರಿದರೂ ಬಟ್ಟೆ ಹಾಳು. ಖಟಾವ್ ಮಿಲ್ ಇದ್ದ ಬೈಕುಲ್ಲಾದ ಗಿರಣಿ ಕಾರ್ಮಿಕರಿಗೆ ಇದು ಗೊತ್ತಿದ್ದ ಮಾತೇ. ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ರೂಪಿಸಿದವರು ಜಪಾನಿನ ಸಕಿಚಿ ಟೊಯೊಡಾ. ಈ ತತ್ವ ಮುಂದೆ ಟೊಯೊಟಾ ಕಾರ್ಖಾನೆಯ ಉತ್ಪಾದನಾ ಪದ್ಧತಿಗೆ ಸೇರಿ, 'ಲೀನ್' ಹೆಸರಲ್ಲಿ ಐಟಿ ಕಚೇರಿಗೂ ಬಂತು. ಆದರೆ ಕಾರ್ಖಾನೆಗೆ ಒಗ್ಗಿದ್ದು ಕೋಡ್ ಬರೆಯುವವರಿಗೂ ಒಗ್ಗುತ್ತದೆಯೇ?

ವಿಪ್ರೋ ಏನು ಮಾಡಿತು?

ಬೆಂಗಳೂರಿನ ವಿಪ್ರೋ 2004ರಲ್ಲಿ ಲೀನ್ ಪ್ರಯೋಗ ಆರಂಭಿಸಿತು. ಇಡೀ ಕಂಪನಿಗೆ ಒಮ್ಮೆಲೇ ಹೇರದೆ, ಮೊದಲು ಕೆಲವೇ ಪ್ರಾಜೆಕ್ಟ್‌ಗಳಲ್ಲಿ ಪರೀಕ್ಷಿಸಿತು. ಬ್ರಾಡ್ಲಿ ಸ್ಟಾಟ್ಸ್, ಡೇವಿಡ್ ಬ್ರನ್ನರ್ ಮತ್ತು ಡೇವಿಡ್ ಅಪ್ಟನ್ ಎಂಬ ಸಂಶೋಧಕರು ಲೀನ್ ಅಳವಡಿಸಿದ ಮತ್ತು ಅಳವಡಿಸದ ಪ್ರಾಜೆಕ್ಟ್‌ಗಳನ್ನು ಹೋಲಿಸಿ 2011ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆಚ್ಚಿನ ಮಾನದಂಡಗಳಲ್ಲಿ ಲೀನ್ ಪ್ರಾಜೆಕ್ಟ್‌ಗಳು ಮುಂದಿದ್ದವು, ಎಲ್ಲದರಲ್ಲೂ ಅಲ್ಲ. ಸಮಸ್ಯೆಯನ್ನು ಬೇಗ ಗುರುತಿಸಬೇಕು. ಅದು ಹುಟ್ಟಿದ ಜಾಗದಲ್ಲೇ, ಆಗಲೇ, ಆ ಕೆಲಸ ಮಾಡಿದವರೇ ಸರಿಪಡಿಸಬೇಕು ಎಂಬುದು ಅಧ್ಯಯನದ ಮುಖ್ಯ ಪಾಠ.

ಅಳೆಯುವುದು ಹೇಗೆ?

* ಹಳೆಯ ಲೆಕ್ಕ ಇರಲಿ: ಬದಲಾವಣೆಗೆ ಮೊದಲಿನ ಅಂಕಿಅಂಶ ಇಲ್ಲದಿದ್ದರೆ 'ಸುಧಾರಿಸಿದೆ' ಎನ್ನಲು ಆಧಾರವೇ ಇರುವುದಿಲ್ಲ.

* ಹೋಲಿಕೆ ಬೇಕು: ಒಂದೇ ಬಗೆಯ ಕೆಲಸ ಮಾಡುವ ಇನ್ನೊಂದು ತಂಡ ಹಳೆಯ ಪದ್ಧತಿಯಲ್ಲೇ ಮುಂದುವರಿಯಲಿ.

* ನಾಲ್ಕು ಅಳತೆ: 'ಡೋರಾ' ಸಂಶೋಧನೆಯಿಂದ ಜನಪ್ರಿಯವಾದ ಮಾನದಂಡಗಳಿವು. ಹೊಸ ಆವೃತ್ತಿ ಎಷ್ಟು ಬಾರಿ ಬಿಡುಗಡೆಯಾಗುತ್ತದೆ, ಬರೆದ ಕೋಡ್ ಬಳಕೆದಾರರನ್ನು ತಲುಪಲು ಎಷ್ಟು ಸಮಯ ಬೇಕು, ಎಷ್ಟು ಬದಲಾವಣೆಗಳು ಕೈಕೊಡುತ್ತವೆ, ಕೆಟ್ಟದ್ದು ಸರಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ.

* ಅವಸರ ಬೇಡ: ಕಲಿಕೆಯ ಮೊದಲ ವಾರಗಳಲ್ಲಿ ವೇಗ ಕುಸಿಯುವುದು ಸಹಜ.

ಎಲ್ಲಿ ಎಡವುತ್ತಾರೆ?

ಚುರುಕಾದ ತಂಡವನ್ನೇ ಪ್ರಯೋಗಕ್ಕೆ ಆರಿಸಿದರೆ ಗೆದ್ದದ್ದು ಪದ್ಧತಿಯೋ ತಂಡವೋ ತಿಳಿಯದು. ಅಂಕಿಗಳನ್ನು ಉದ್ಯೋಗಿಯ ಅಪ್ರೈಸಲ್‌ಗೆ ಜೋಡಿಸಿದರೆ ಇನ್ನೂ ಕಷ್ಟ. ತಪ್ಪು ಹೇಳಿಕೊಂಡರೆ ಅಂಕ ಕಡಿತ ಎಂದಾದ ಮೇಲೆ ಬಗ್‌ಗಳು ವರದಿಯಾಗುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತವೆ. ಕಾಗದದ ಮೇಲೆ ಎಲ್ಲ ಸರಿಯಿದ್ದರೂ ಮಧ್ಯರಾತ್ರಿ ಲ್ಯಾಪ್‌ಟಾಪ್ ತೆರೆಯಬೇಕಾದವರು ಅದೇ ಉದ್ಯೋಗಿಗಳು.

ಹಾಗಾಗಿ ಪ್ರಯೋಗ ಶುರುವಾಗುವ ಮೊದಲೇ ಒಂದು ವಿಷಯ ಬರೆದಿಡುವುದು ಒಳ್ಳೆಯದು: ಯಾವ ಫಲಿತಾಂಶ ಬಂದರೆ ಈ ಪದ್ಧತಿಯನ್ನು ಕೈಬಿಡುತ್ತೇವೆ? ಇದಕ್ಕೆ ಉತ್ತರವಿಲ್ಲದಿದ್ದರೆ ಅದು ಪರೀಕ್ಷೆಯಲ್ಲ, ಮೊದಲೇ ಆಗಿಹೋದ ತೀರ್ಮಾನ.