ಹಾರ್ಟಲ್ಲಿ ತೂತು: ಗೊರೂರು ಕಡೆಯ ಮಾತು, ವೈದ್ಯರ ಮಾತು

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆ ದಿಗಿಲಿನಲ್ಲಿ ಹಸುಗೂಸಿನ ‘ಹಾರ್ಟಲ್ಲಿ ತೂತು’ ಕೂಡ ಅದೇ ಲೆಕ್ಕಕ್ಕೆ ಸೇರಿಬಿಟ್ಟರೆ ಆಶ್ಚರ್ಯವಿಲ್ಲ. ಆದರೆ ಇವೆರಡಕ್ಕೂ ಸಂಬಂಧವೇ ಇಲ್ಲ. ಹೃದಯಾಘಾತ ಎಂದರೆ ಹೃದಯಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಮಗುವಿನದು ಬಸಿರಿನಲ್ಲೇ ಆದ ಕಟ್ಟಣೆಯ ದೋಷ. ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಹೃದಯದೋಷ ಇರುತ್ತದೆ.

‘ಗ್ರಹಣದ ಹೊತ್ತಲ್ಲಿ ಈಳಿಗೆ ಮುಟ್ಟಿದ್ದಳು’ ಎಂದು ಸೊಸೆಯ ಮೇಲೆ ಹೊರೆ ಹಾಕುವ ಮನೆಗಳಿವೆ. ಮಗುವಿನ ಹೃದಯದ ಗೋಡೆ, ಕವಾಟಗಳು ಗರ್ಭ ನಿಂತ ಸುಮಾರು ಎಂಟು ವಾರದೊಳಗೆ ರೂಪುಗೊಂಡಿರುತ್ತವೆ. ಎಷ್ಟೋ ಹೆಂಗಸರಿಗೆ ಬಸಿರು ಖಚಿತವಾಗುವ ಹೊತ್ತಿಗೆ ಆ ಕೆಲಸ ಅರ್ಧ ಮುಗಿದಿರುತ್ತದೆ. ಏಳನೇ ತಿಂಗಳಲ್ಲಿ ತರಕಾರಿ ಹೆಚ್ಚಿದ್ದಕ್ಕೆ ತೂತು ಬೀಳುವುದಾದರೂ ಹೇಗೆ? ಕಾರಣ ಬೇಕೇ ಬೇಕೆಂದರೆ ಹುಡುಕಬೇಕಾದ ಜಾಗ ಬೇರೆ: ಬಸಿರಿನ ಆರಂಭದಲ್ಲಿ ತಗಲಿದ ರುಬೆಲ್ಲಾ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆ ರೋಗದ ಕೆಲವು ಮಾತ್ರೆಗಳು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ರೂಢಿಯೂ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಹಾಗೆಂದು ದೂರದ ಸಂಬಂಧ ಮಾಡಿದವರ ಮನೆಯಲ್ಲಿ ಇದು ಬರುವುದಿಲ್ಲವೆಂದಲ್ಲ. ಹೆಚ್ಚಿನ ಮಕ್ಕಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು.

ನಿಜವಾಗಿ ಕಾಡುವ ನಂಬಿಕೆ ಇನ್ನೊಂದಿದೆ: ‘ಬೆಳೀತಾ ಬೆಳೀತಾ ತಾನೇ ಮುಚ್ಕೊಳ್ಳುತ್ತೆ.’ ಇದು ಅರ್ಧ ನಿಜ, ಅದಕ್ಕೇ ಪೂರ್ತಿ ಸುಳ್ಳಿಗಿಂತ ಅಪಾಯಕಾರಿ. ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ತೂತುಗಳಲ್ಲಿ ಬಹಳಷ್ಟು ಮೊದಲ ಒಂದೆರಡು ವರ್ಷದಲ್ಲೇ ಮುಚ್ಚಿಕೊಳ್ಳುತ್ತವೆ. ದೊಡ್ಡ ತೂತಿನ ಕಥೆ ಹಾಗಲ್ಲ. ಅಲ್ಲಿ ಶ್ವಾಸಕೋಶಕ್ಕೆ ಮಿತಿಮೀರಿ ರಕ್ತ ನುಗ್ಗುತ್ತದೆ. ಕೂಸು ನಾಲ್ಕು ಗುಟುಕು ಹಾಲು ಕುಡಿದು ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ, ಮತ್ತೆ ಮತ್ತೆ ನ್ಯುಮೋನಿಯಾ. ‘ಬಾಲಗ್ರಹ, ದೃಷ್ಟಿ’ ಎಂದು ತಾಯತ ಕಟ್ಟುವುದು ಈ ಹಂತದಲ್ಲೇ. ಕೆಲವು ವರ್ಷ ಕಳೆದ ಮೇಲೆ ಕೆಮ್ಮು, ಕಫ ಕಡಿಮೆಯಾಗಬಹುದು. ಮನೆಯವರು ತಾಯತಕ್ಕೆ ಕೈ ಮುಗಿಯುತ್ತಾರೆ. ಒಳಗೆ ನಡೆದಿರುವುದು ಬೇರೆ: ಒತ್ತಡ ತಿಂದೂ ತಿಂದೂ ಶ್ವಾಸಕೋಶದ ನಾಳಗಳು ದಪ್ಪಗಟ್ಟಿ, ರಕ್ತ ತೂತಿನಲ್ಲಿ ತಿರುಗಿ ಹರಿಯಲು ಶುರುವಾಗಿರುತ್ತದೆ. ಆಮೇಲೆ ತೂತು ಮುಚ್ಚುವುದೇ ಅಪಾಯ. ಹಾಗಾಗಿ ಇಂಥ ತೂತಿಗೆ ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಆಪರೇಷನ್ ಆಗಬೇಕು. ‘ಸ್ವಲ್ಪ ದಪ್ಪ ಆಗಲಿ, ಆಮೇಲೆ ನೋಡೋಣ’ ಎನ್ನುವಂತಿಲ್ಲ. ಹಾಲೇ ಹಿಡಿಯದ ಮಗು ದಪ್ಪ ಆಗುವುದೆಲ್ಲಿಂದ?

ಸ್ಟೆತೊಸ್ಕೋಪಿನ ಸದ್ದು ಜೋರಾಗಿದ್ದರೆ ತೂತು ದೊಡ್ಡದು ಎಂಬುದೂ ತಪ್ಪು. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟೆಯ ಗೇಟು ಸ್ವಲ್ಪವೇ ತೆರೆದಾಗ ನೀರು ಭೋರ್ಗರೆಯುತ್ತದೆ. ಎರಡೂ ಕಡೆ ಮಟ್ಟ ಸಮವಾದರೆ ಸದ್ದೇ ಇರದು. ಸಣ್ಣ ತೂತು ಗದ್ದಲ ಮಾಡುವುದು, ಬಲು ದೊಡ್ಡದು ಕೆಲವೊಮ್ಮೆ ಸುಮ್ಮನಿರುವುದು ಇದೇ ಲೆಕ್ಕದಲ್ಲಿ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸದೆ ಗಾತ್ರ ಹೇಳಲಾಗದು. ಎಕೋದಲ್ಲಿ ಸೂಜಿಯಿಲ್ಲ, ನೋವಿಲ್ಲ. ಇನ್ನು ಅತ್ತಾಗ ತುಟಿ, ಉಗುರು ನೀಲಿಯಾಗುವ ಮಗುವಿಗೆ ಥಂಡಿಯಾಗಿದೆ ಎಂದು ಕಂಬಳಿ ಹೊದಿಸಿ ಕೂರಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಕ್ಕೂ ಎದೆ ಸೀಳಬೇಕಿಲ್ಲ. ಮೇಲಿನ ಕೋಣೆಗಳ ನಡುವಿನ ಅನೇಕ ತೂತುಗಳನ್ನು ತೊಡೆಯ ರಕ್ತನಾಳದ ಮೂಲಕ ಸಣ್ಣ ಮುಚ್ಚಳ ಕೂರಿಸಿ ಮುಚ್ಚುತ್ತಾರೆ. ಖರ್ಚಿಗೆ ಹೊಲ ಮಾರಬೇಕೆಂಬ ಭಯವೂ ಹಳೆಯದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಅದು ಗುರುತಿಸಿದ ಮಗುವಿಗೆ ಆಪರೇಷನ್ ಉಚಿತ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕೂಸು ಇನ್ನೂ ಅಂಗನವಾಡಿಯ ವಯಸ್ಸಿಗೆ ಬಂದಿಲ್ಲವೆಂದರೆ ಆಶಾ ಕಾರ್ಯಕರ್ತೆಗೆ ಹೇಳಿ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಬಹುದು.

ತೂತಿದೆಯೆಂದು ಲಸಿಕೆ ತಪ್ಪಿಸುವವರಿದ್ದಾರೆ. ಇಂಥ ಮಕ್ಕಳಿಗೆ ದಡಾರ, ನ್ಯುಮೋನಿಯಾ ತಗಲಿದರೆ ಹೆಚ್ಚು ಕಷ್ಟ, ಆದ್ದರಿಂದ ಅವರಿಗೇ ಲಸಿಕೆ ಮೊದಲು ಬೇಕು. ಇಂಥ ಮಗುವಿನ ತಾಯಿ ಮತ್ತೆ ಬಸಿರಾದರೆ 18ರಿಂದ 22 ವಾರದೊಳಗೆ ಹೊಟ್ಟೆಯಲ್ಲಿರುವ ಕೂಸಿನ ಹೃದಯಕ್ಕೇ ಎಕೋ ಮಾಡಿಸಬಹುದು. ಮೊದಲ ತಪಾಸಣೆಯ ದಿನವೇ ವೈದ್ಯರಿಗೆ ಹಿಂದಿನ ಮಗುವಿನ ವಿಷಯ ತಿಳಿಸಿರಬೇಕು.