ಶಸ್ತ್ರಕ್ರಿಯೆಯ ನಂತರ ಗಂಡುನಾಯಿ

ಗಂಡುನಾಯಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದರೆ ಅದು ಮನೆ ಕಾಯುವುದನ್ನೇ ಬಿಟ್ಟೀತೆಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ಅದು ನಿರಾಧಾರ.

ಪರೇಲಿನ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆಯಿಂದಾಗಲಿ, ಉಪನಗರದ ಪಶುವೈದ್ಯರಲ್ಲಿಂದಾಗಲಿ ಮರಳಿದ ದಿನ ನಾಯಿ ಮಂಪರಿನಲ್ಲಿರುತ್ತದೆ. ಆಹಾರ ಸ್ವಲ್ಪವೇ ಸಾಕು. ಮುಂದೆ 10ರಿಂದ 14 ದಿನ ಸ್ನಾನ, ಓಟ, ನೆಗೆದಾಟ ಬೇಡ. ಮಳೆಗಾಲದಲ್ಲಿ ಗಾಯ ತೋಯದಂತೆ ನೋಡಿಕೊಳ್ಳಬೇಕು. ಗಾಯ ನೆಕ್ಕದಂತೆ ಆಲಿಕೆಯಾಕಾರದ ಕೊರಳಪಟ್ಟಿ ಹಾಕಿರಿ. ಅಲ್ಪ ಬಾವು ಸಹಜ. ಕೀವು, ರಕ್ತ ಕಂಡರೆ ಡಾಕ್ಟರಲ್ಲಿಗೆ ಒಯ್ಯಬೇಕು.

ಮೊದಲ ಕೆಲವು ವಾರ ಅದರಿಂದ ಮರಿಗಳಾಗುವ ಸಂಭವ ಉಳಿದಿರುತ್ತದೆ, ಹೆಣ್ಣುನಾಯಿಯಿಂದ ದೂರವಿಡಿರಿ. ಅಲೆದಾಟ, ಕಂಬಕಂಬಕ್ಕೆ ಕಾಲೆತ್ತುವುದು ಮೆಲ್ಲನೆ ತಗ್ಗುವುವು. ಹಸಿವು ಹೆಚ್ಚಬಹುದು, ಆದರೆ ದೇಹದ ಅಗತ್ಯ ಕಡಿಮೆಯಾಗುತ್ತದೆ. ಅನ್ನದ ಅಳತೆ ತಗ್ಗಿಸದಿದ್ದರೆ ಬೊಜ್ಜು ಬರುತ್ತದೆ.

ಬಾಗಿಲ ಕಾವಲೂ ಮಕ್ಕಳ ಮೇಲಣ ಮಮತೆಯೂ ಮೊದಲಿನಂತೆಯೇ ಉಳಿಯುವುವು. ಬೀದಿಪಾಲಾಗುವ ಮರಿಗಳು ಮಾತ್ರ ಹುಟ್ಟುವುದಿಲ್ಲ.